ಲೂಯಿಜಿ ಗ್ಯಾಲ್ವಾನಿ

ಲೂಯಿಜಿ ಗ್ಯಾಲ್ವಾನಿ 1737ರಲ್ಲಿ ಇಟಲಿಯ ಬೊಲೋನ್ಯ ನಗರದಲ್ಲಿ ಜನಿಸಿದನು. ವೈದ್ಯಶಾಸ್ತ್ರವನ್ನು ಅಭ್ಯಸಿಸಿ, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿಯೇ ಅಂಗರಚನಾಶಾಸ್ತ್ರದ ಅಧ್ಯಾಪಕನಾದನು. ಸತ್ತ ಕಪ್ಪೆಯ ಕಾಲಿನ ನರವನ್ನೂ ಸ್ನಾಯುವನ್ನೂ ಎರಡು ಬಗೆಯ ಲೋಹಗಳಿಂದ ಜೋಡಿಸಿದೊಡನೆ ಆ ಕಾಲು ಜೀವವಿದ್ದಂತೆ ಅದುರುವುದನ್ನು ಆತನು ಕಂಡನು. ಪ್ರಾಣಿಗಳ ದೇಹದಲ್ಲಿಯೇ ವಿದ್ಯುತ್ತು ಅಡಗಿದೆಯೆಂದು 1791ರಲ್ಲಿ ಪ್ರಕಟಿಸಿದನು.

ಪಾವಿಯಾದ ಪ್ರಾಧ್ಯಾಪಕ ವೋಲ್ಟಾ ಇದನ್ನು ಒಪ್ಪಲಿಲ್ಲ. ವಿದ್ಯುತ್ತು ಹುಟ್ಟುವುದು ಲೋಹಗಳಿಂದಲೇ ಹೊರತು ಕಪ್ಪೆಯಿಂದಲ್ಲವೆಂದು ವಾದಿಸಿದನು. ಗ್ಯಾಲ್ವಾನಿ ಪ್ರಯೋಗದಿಂದಲೇ ಉತ್ತರವಿತ್ತನು. ಲೋಹವನ್ನು ಬಳಸದೆ, ನರವನ್ನು ನೇರವಾಗಿ ಸ್ನಾಯುವಿಗೆ ಸೋಕಿಸಿದಾಗಲೂ ಕಾಲು ಅದುರಿತು.

ಅಷ್ಟರಲ್ಲಿ ರಾಜ್ಯ ಬದಲಾಯಿತು. 1797ರಲ್ಲಿ ನೆಪೋಲಿಯನ್ ಸ್ಥಾಪಿಸಿದ ಗಣರಾಜ್ಯವು ಅಧ್ಯಾಪಕರು ತನಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ವಿಧಿಸಿತು. ಅಂತಃಸಾಕ್ಷಿಗೆ ಒಪ್ಪದ ಆ ಪ್ರಮಾಣವನ್ನು ಗ್ಯಾಲ್ವಾನಿ ಮಾಡಲಿಲ್ಲ. ಪದವಿ ಹೋಯಿತು, ವೇತನ ನಿಂತಿತು. 1798ರ ಡಿಸೆಂಬರಿನಲ್ಲಿ ಆತನು ತೀರಿಕೊಂಡನು.

ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಲೋಹಗಳ ಬೆನ್ನುಹತ್ತಿದ ವೋಲ್ಟಾ 1800ರಲ್ಲಿ ವಿದ್ಯುತ್ಕೋಶವನ್ನು ಲೋಕಕ್ಕೆ ಕೊಟ್ಟನು. ಗ್ಯಾಲ್ವಾನಿಯ ಕಾಣ್ಕೆಯಾದರೋ ಜೀವವಿಜ್ಞಾನದ ಹೊಸ ಬಾಗಿಲನ್ನೇ ತೆರೆಯಿತು. ಇಂದು ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರ್, ಬೆಳಕಿನಿಂದ ಶಕ್ತಿ ಪಡೆದು ಜೀವಕೋಶಗಳನ್ನು ಪ್ರಚೋದಿಸುವ ಅತಿ ಸೂಕ್ಷ್ಮ ಉಪಕರಣಗಳು, ಇವೆಲ್ಲಕ್ಕೂ ಮೂಲ ಅಂದು ಅದುರಿದ ಆ ಕಪ್ಪೆಯ ಕಾಲು.