ಸಿಂಪಡಣೆಯನ್ನು ಕೈಬಿಟ್ಟ ಲಿಸ್ಟರ್

ಮೂಡುಬಿದಿರೆಯ ಯಾವ ದಿನಸಿ ಅಂಗಡಿಗೆ ಹೋದರೂ ಫಿನೈಲಿನ ಬಾಟಲಿ ಸಿಗುತ್ತದೆ. ಅದರ ಕಟುವಾಸನೆ ಮೂಗಿಗೆ ಬಡಿದರೆ ಮನೆ ಶುದ್ಧವಾಯಿತೆಂಬ ನೆಮ್ಮದಿ ನಮಗೆ. ಕಲ್ಲಿದ್ದಲಿನ ಡಾಂಬರಿನಿಂದ ತಯಾರಾಗುವ ಕಪ್ಪು ಫಿನೈಲಿನ ಮೂಲವನ್ನು ಅರಸುತ್ತ ಹೋದರೆ ಕಾರ್ಬಾಲಿಕ್ ಆಮ್ಲವೂ, ಅದನ್ನು ಶಸ್ತ್ರಚಿಕಿತ್ಸೆಗೆ ತಂದ ಬ್ರಿಟಿಷ್ ವೈದ್ಯ ಜೋಸೆಫ್ ಲಿಸ್ಟರನೂ ಎದುರಾಗುತ್ತಾರೆ. ಈತನ ಬದುಕಿನಲ್ಲಿ ಅಷ್ಟಾಗಿ ಪ್ರಚಾರ ಪಡೆಯದ ಘಟ್ಟವೊಂದಿದೆ. ತಾನೇ ಪ್ರಸಿದ್ಧಿಗೆ ತಂದ ಔಷಧ ಸಿಂಪಡಣೆಯನ್ನು ಆತ ತಾನೇ ಬಹಿರಂಗವಾಗಿ ಕೈಬಿಟ್ಟ. ಕೋವಿಡ್ ಕಾಲದ ನಮ್ಮ ನಡವಳಿಕೆಯನ್ನು ನೆನೆದಾಗ ಆ ಘಟ್ಟವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ.

ಲಿಸ್ಟರ್ ಹುಟ್ಟಿದ್ದು 1827ರ ಏಪ್ರಿಲ್ 5ರಂದು, ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಅಪ್ಟನ್‌ನಲ್ಲಿ. ತಂದೆ ದ್ರಾಕ್ಷಾರಸದ ವ್ಯಾಪಾರಿ. ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿ ವಿಜ್ಞಾನಿಗಳ ಮನ್ನಣೆ ಪಡೆದವರು. ಕಣ್ಣಿಗೆ ಕಾಣದ್ದನ್ನು ನೋಡುವ ಅಭ್ಯಾಸ ಮಗನಿಗೆ ಮನೆಯಲ್ಲೇ ಬಂತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯಶಿಕ್ಷಣ ಮುಗಿಸಿದ ಆತ 1853ರಲ್ಲಿ ಎಡಿನ್‌ಬರೋಗೆ ತೆರಳಿ, ಹೆಸರಾಂತ ಶಸ್ತ್ರವೈದ್ಯ ಜೇಮ್ಸ್ ಸೈಮ್‌ನ ಬಳಿ ಪಳಗಿದ. 1856ರಲ್ಲಿ ಸೈಮ್‌ನ ಮಗಳು ಆಗ್ನೆಸ್‌ಳನ್ನು ವಿವಾಹವಾದ. ಆಕೆ ಕೊನೆಯವರೆಗೂ ಅವನ ಪ್ರಯೋಗಗಳಲ್ಲಿ ಸಹಾಯಕಿಯಾಗಿದ್ದಳು.

1860ರಲ್ಲಿ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕನಾದಾಗ ಆಸ್ಪತ್ರೆಗಳ ಸ್ಥಿತಿ ಭಯಾನಕವಾಗಿತ್ತು. ಶಸ್ತ್ರಕ್ರಿಯೆ ಯಶಸ್ವಿಯಾದರೂ ಗಾಯ ಕೊಳೆತು ರೋಗಿಗಳು ಸಾಯುತ್ತಿದ್ದರು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಹೆಚ್ಚಿನ ವೈದ್ಯರು ನಂಬಿದ್ದರು. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ 1847ರಲ್ಲೇ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಸಿ ಬಾಣಂತಿಯರ ಸಾವನ್ನು ತಗ್ಗಿಸಿದ್ದರೂ ವೈದ್ಯಲೋಕ ಅದನ್ನು ಒಪ್ಪಿರಲಿಲ್ಲ. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳು ಕಾರಣವೆಂಬ ಪಾಶ್ಚರನ ಸಂಶೋಧನೆ ಲಿಸ್ಟರನ ಗಮನಕ್ಕೆ ಬಂದದ್ದು 1865ರ ಸುಮಾರಿಗೆ. ಕಾರ್ಲೈಲ್ ಪಟ್ಟಣದ ಚರಂಡಿ ನೀರಿಗೆ ಕಾರ್ಬಾಲಿಕ್ ಆಮ್ಲ ಬೆರೆಸಿದಾಗ ದುರ್ವಾಸನೆಯೊಂದಿಗೆ ದನಗಳ ರೋಗವೂ ತಗ್ಗಿತೆಂಬ ಸುದ್ದಿಯನ್ನು ಆತ ಕೇಳಿದ್ದ. ಈ ಎರಡೂ ಸಂಗತಿಗಳನ್ನು ಜೋಡಿಸಿದ್ದೇ ಅವನ ಹಿರಿಮೆ.

1865ರ ಆಗಸ್ಟ್ 12ರಂದು, ಗಾಡಿಚಕ್ರ ಹರಿದು ಕಾಲಿನ ಮೂಳೆ ಮುರಿದು ಹೊರಬಂದಿದ್ದ 11 ವರ್ಷದ ಬಾಲಕನ ಗಾಯಕ್ಕೆ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ. ಅಂಥ ಗಾಯಕ್ಕೆ ಕಾಲು ಕತ್ತರಿಸುವುದೇ ಅಂದಿನ ರೂಢಿ. ಬಾಲಕ ಆರು ವಾರಗಳಲ್ಲಿ ಗುಣಮುಖನಾದ. ಹೊಸ ಪದ್ಧತಿಗೆ ಮುಂಚೆ ಲಿಸ್ಟರ್ ನಡೆಸಿದ 35 ಅಂಗಚ್ಛೇದನಗಳಲ್ಲಿ 16 ಮಂದಿ ಸತ್ತಿದ್ದರೆ, ಅನಂತರದ 40ರಲ್ಲಿ ಸತ್ತವರು 6 ಮಂದಿ ಮಾತ್ರ.

ಆದರೆ ಈ ಔಷಧಕ್ಕೆ ತೆರಬೇಕಾದ ಬೆಲೆಯೂ ಇತ್ತು. ಕಾರ್ಬಾಲಿಕ್ ಆಮ್ಲ ಚರ್ಮವನ್ನು ಸುಡುತ್ತದೆ. ವೈದ್ಯರ, ದಾದಿಯರ ಕೈಗಳು ಬಿಳಿಚಿಕೊಂಡು ಬಿರಿಯುತ್ತಿದ್ದವು. ಲಿಸ್ಟರ್ ಅದನ್ನು ಕ್ರಮೇಣ 20 ಪಾಲಿಗೆ 1, 40 ಪಾಲಿಗೆ 1 ಎಂಬಷ್ಟು ತೆಳುಗೊಳಿಸಿ, ಎಷ್ಟು ಕಡಿಮೆಯಲ್ಲಿ ಕೆಲಸ ಸಾಗುತ್ತದೆಂದು ಪರೀಕ್ಷಿಸುತ್ತ ಹೋದ. ಗಾಳಿಯಲ್ಲಿನ ಜೀವಾಣುಗಳೇ ಅಪಾಯಕಾರಿ ಎಂದು ಭಾವಿಸಿ 1871ರಲ್ಲಿ ಶಸ್ತ್ರಕ್ರಿಯೆಯ ಕೊಠಡಿಯಲ್ಲೆಲ್ಲ ಆಮ್ಲದ ತುಂತುರನ್ನು ಹರಡುವ ಯಂತ್ರವನ್ನೂ ಬಳಕೆಗೆ ತಂದ. ಆ ಮಂಜಿನಲ್ಲಿ ನಿಂತವರ ಕಣ್ಣು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಆದರೂ ಯಂತ್ರ ಜಗತ್ತಿನ ಆಸ್ಪತ್ರೆಗಳಿಗೆ ಹಬ್ಬಿತು.

ಕಾರ್ಬಾಲಿಕ್ ಆಮ್ಲಕ್ಕೆ ಎಲ್ಲ ಜೀವಾಣುಗಳನ್ನೂ ಕೊಲ್ಲುವ ಶಕ್ತಿಯಿಲ್ಲವೆಂದು ರಾಬರ್ಟ್ ಕಾಕ್ 1881ರಲ್ಲಿ ತೋರಿಸಿಕೊಟ್ಟ. ಸೋಂಕು ಮುಖ್ಯವಾಗಿ ಸಾಗುವುದು ಕೈ, ಉಪಕರಣ, ಬಟ್ಟೆಗಳ ಮೂಲಕವೇ ಹೊರತು ಗಾಳಿಯಿಂದಲ್ಲ ಎಂಬುದು ಕ್ರಮೇಣ ಖಚಿತವಾಯಿತು. ಲಿಸ್ಟರ್ ವಾದಕ್ಕೆ ನಿಲ್ಲಲಿಲ್ಲ. ಸಿಂಪಡಣೆಯನ್ನು ನಿಲ್ಲಿಸಿದ, 1890ರಲ್ಲಿ ಬರ್ಲಿನ್ನಿನ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದಲ್ಲಿ, ಅದನ್ನು ಶಿಫಾರಸು ಮಾಡಿದ್ದಕ್ಕೆ ವಿಷಾದವನ್ನೂ ವ್ಯಕ್ತಪಡಿಸಿದ. ಅದೇ ಸುಮಾರಿಗೆ ಅಮೆರಿಕದಲ್ಲಿ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯ, ರೋಗಾಣುನಾಶಕದಿಂದ ಕೈ ಕೆಟ್ಟ ದಾದಿಗಾಗಿ ರಬ್ಬರ್ ಕೈಗವಸು ಮಾಡಿಸಿದ. ಶಸ್ತ್ರಕ್ರಿಯೆಯ ಕೈಗವಸು ಮೊದಲಿಗೆ ಬಂದದ್ದು ಹೀಗೆ, ಕೆಲಸ ಮಾಡುವವರ ಚರ್ಮವನ್ನು ಕಾಪಾಡಲೆಂದು. ಪತ್ನಿಯನ್ನು 1893ರಲ್ಲಿ ಕಳೆದುಕೊಂಡ ಲಿಸ್ಟರ್, 1897ರಲ್ಲಿ ಲಾರ್ಡ್ ಪದವಿ ಪಡೆದು, 1912ರ ಫೆಬ್ರುವರಿ 10ರಂದು ತೀರಿಕೊಂಡ.

ಆತ ಬಿಟ್ಟ ಸಿಂಪಡಣೆಯನ್ನು 130 ವರ್ಷಗಳ ಬಳಿಕ ನಾವು ಮತ್ತೆ ಕೈಗೆತ್ತಿಕೊಂಡೆವು. 2020ರ ಮಾರ್ಚ್‌ನಲ್ಲಿ ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕಾರ್ಮಿಕರ ಮೈಮೇಲೆ ರಾಸಾಯನಿಕ ಎರಚಲಾಯಿತು. ಅನೇಕ ಊರುಗಳ ಮಾರುಕಟ್ಟೆ, ಕಚೇರಿಗಳ ಎದುರು ಸಿಂಪಡಣಾ ಸುರಂಗಗಳು ಎದ್ದವು. ಬಂಟ್ವಾಳ ತಾಲ್ಲೂಕಿನ ಸಜಿಪನಡು, ಬಂಟ್ವಾಳ ಕಸಬಾ ಸೀಲ್‌ಡೌನ್ ಆಗಿದ್ದ ಆ ದಿನಗಳ ಭಯವನ್ನು ಬಲ್ಲವರಿಗೆ ಇದರ ಹಿಂದಿನ ತವಕ ಅರ್ಥವಾಗುತ್ತದೆ. ಆದರೆ ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್‌ನಲ್ಲೇ ಮನುಷ್ಯರ ಮೇಲಿನ ಸಿಂಪಡಣೆ ಬೇಡವೆಂದಿತು. ರಸ್ತೆಗಳಿಗೆ ಸಿಂಪಡಿಸುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ ಮೇ ತಿಂಗಳಲ್ಲಿ ಅನುಮೋದಿಸಲಿಲ್ಲ. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಿತು.

ಸಿಂಪಡಣೆಯ ಅಪಾಯವನ್ನು ಬೆಳ್ತಂಗಡಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್‌ನ ನೋವನ್ನು ಕುಟುಂಬಗಳು ಇಂದಿಗೂ ಅನುಭವಿಸುತ್ತಿವೆ. ಆ ಕೀಟನಾಶಕಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಇದೇ ತಾಲ್ಲೂಕು 1982-83ರಲ್ಲಿ ಮಂಗನ ಕಾಯಿಲೆಗೂ ತುತ್ತಾಗಿತ್ತು. ಅದೂ ವೈರಾಣುವೇ, ಆದರೆ ಉಣ್ಣೆಯ ಕಡಿತದಿಂದ ಬರುವಂಥದ್ದು. ನೆಲಕ್ಕೆ ಎಷ್ಟು ಫಿನೈಲು ಹಾಕಿದರೂ ಅದು ನಿಲ್ಲದು. ರೋಗ ಬರುವ ದಾರಿಯನ್ನು ಮೊದಲು ತಿಳಿಯಬೇಕೆಂಬುದು ಲಿಸ್ಟರ್ ತಡವಾಗಿ ಕಂಡುಕೊಂಡ ಸತ್ಯ.

ಲಿಸ್ಟರನ ಹೋರಾಟ ಬ್ಯಾಕ್ಟೀರಿಯಾಗಳ ಜತೆಗಿತ್ತು. ವೈರಾಣುಗಳ ಅರಿವು ಮೂಡಿದ್ದು 1890ರ ದಶಕದಲ್ಲಿ. ಆದರೂ ಅವನ ಕ್ರಮ ಇಲ್ಲಿಗೂ ಸಲ್ಲುತ್ತದೆ. ಕೊರೊನಾ, ಫ್ಲೂ ವೈರಾಣುಗಳಿಗೆ ಕೊಬ್ಬಿನ ಹೊದಿಕೆಯಿದ್ದು, ಸಾಬೂನು ಅಥವಾ ಶೇ 70ರ ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ಕಾಮಾಲೆ ತರುವ ಹೆಪಟೈಟಿಸ್-ಎ, ವಾಂತಿಭೇದಿಯ ನೊರೊವೈರಸ್‌ಗಳಿಗೆ ಆ ಹೊದಿಕೆಯಿಲ್ಲ. ಸ್ಯಾನಿಟೈಸರಿಗೆ ಅವು ಸುಲಭವಾಗಿ ಬಗ್ಗವು. ವಿದ್ಯಾರ್ಥಿನಿಲಯಗಳು ತುಂಬಿರುವ ಮೂಡುಬಿದಿರೆಯಂಥ ಊರಿನಲ್ಲಿ ಈ ವ್ಯತ್ಯಾಸ ಮುಖ್ಯ. ಅಲ್ಲಿ ಬೇಕಾದ್ದು ಸಾಬೂನಿನಿಂದ ಕೈತೊಳೆಯುವುದು ಮತ್ತು ಹದವಾದ ಕ್ಲೋರಿನ್. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ತಪ್ಪಲಿನಲ್ಲಿ ಬಂದಂಥ ನೆರೆಯ ಬಳಿಕ ಬಾವಿಗೆ ಬೇಕಾದ್ದೂ ಅದೇ: 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್.

ನಮ್ಮ ಅಡಿಕೆ ಬೆಳೆಗಾರರು 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಎಂದು ತೂಗಿ ಬೋರ್ಡೋ ದ್ರಾವಣ ತಯಾರಿಸುವವರು. ಆ ಶಿಸ್ತು ಮನೆಯೊಳಕ್ಕೂ ಬರಬೇಕು. ಮೊದಲು ಕೊಳೆಯನ್ನು ಸಾಬೂನಿನಿಂದ ತೊಳೆಯಬೇಕು. ಕೊಳೆಯಿದ್ದಲ್ಲಿ ಕ್ಲೋರಿನ್ ವ್ಯರ್ಥವಾಗುತ್ತದೆ. ಮೇಲ್ಮೈಗೆ ಶೇ 5ರ ಹೈಪೋಕ್ಲೋರೈಟ್ 20 ಮಿ.ಲೀ.ಯನ್ನು ಒಂದು ಲೀಟರ್ ತಣ್ಣೀರಿಗೆ ಬೆರೆಸಿದರೆ ಸಾಕು; ಆಯಾ ದಿನದ್ದನ್ನು ಅಂದೇ ಬಳಸಬೇಕು. ಸಿಂಪಡಿಸದೆ ಬಟ್ಟೆಯಲ್ಲಿ ಒರೆಸಿ, ಕೆಲವು ನಿಮಿಷ ಒದ್ದೆಯಾಗಿರಲು ಬಿಡಬೇಕು. ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಅದನ್ನು ಸೇರಿಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಉಬ್ಬಸದವರಿರುವ ಮನೆಗೆ ಹೈಡ್ರೋಜನ್ ಪೆರಾಕ್ಸೈಡ್ ಆಧಾರಿತ ದ್ರಾವಣ ಸೌಮ್ಯ. ಅದು ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕೇಳುವ ಪ್ರಶ್ನೆ ಇದು: ಲಾಭ ಯಾರಿಗೆ, ವೆಚ್ಚ ಯಾರ ಮೇಲೆ? ಸಿಂಪಡಣೆಯ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಹೊಗೆಯನ್ನು ಉಸಿರಾಡುವವರು ಬೆನ್ನಿಗೆ ಪಂಪು ಕಟ್ಟಿಕೊಂಡ ಪೌರಕಾರ್ಮಿಕರು. ಉಳಿದದ್ದು ಹರಿದು ಸೇರುವುದು ಚರಂಡಿಗೆ, ಕೊನೆಗೆ ನೇತ್ರಾವತಿಗೆ. ಇಲಾಖೆಗಳಲ್ಲಿ ದಶಕಗಳ ಕಾಲ ಕಡತ ನೋಡಿದವನಾಗಿ ಬಲ್ಲೆ, ಎಷ್ಟು ಲೀಟರ್ ಖರೀದಿಯಾಯಿತೆಂಬುದಕ್ಕೆ ಲೆಕ್ಕವಿರುತ್ತದೆ, ಎಷ್ಟು ಕೈಗವಸು ಕೊಟ್ಟೆವೆಂಬುದಕ್ಕೆ ಇರುವುದಿಲ್ಲ. ಗ್ರಾಮ ಪಂಚಾಯಿತಿಗಳು ಮುಂದಿನ ಮಳೆಗಾಲಕ್ಕೆ ಮುನ್ನ ಅಳತೆಯ ಪಾತ್ರೆ, ಕನ್ನಡದಲ್ಲಿ ಬರೆದ ಮಿಶ್ರಣದ ಪಟ್ಟಿ, ಪ್ರತಿ ಕಾರ್ಮಿಕರಿಗೆ ಕೈಗವಸು ಇವಿಷ್ಟನ್ನು ಒದಗಿಸಲಿ. ಇದಕ್ಕೆ ತಗಲುವ ಹಣ ಸಿಂಪಡಣೆಯ ಒಂದು ದಿನದ ಆಡಂಬರಕ್ಕಿಂತ ಹೆಚ್ಚಾಗದು.