ಐದು ಬಾರಿ ಗಡೀಪಾರಾದ ಗುರು: ಅಲೆಕ್ಸಾಂಡ್ರಿಯದ ಅಥನೇಸಿಯಸರು

ಅವತಾರವೆಂಬ ಮಾತು ನಮಗೆ ಹೊಸದಲ್ಲ. ದಶಾವತಾರದ ಹೆಸರುಗಳನ್ನು ಬೆರಳು ಮಡಿಸಿ ಎಣಿಸುತ್ತ ಬೆಳೆದವರು ನಾವು. ಬಯಲಾಟದ ರಂಗಸ್ಥಳದಲ್ಲಿ ರಾಮನನ್ನೂ ಕೃಷ್ಣನನ್ನೂ ಕಣ್ಣಾರೆ ಕಂಡವರು. ದೇವರು ಭೂಮಿಗೆ ಇಳಿದು ಬಂದನೆಂದು ಯಾರಾದರೂ ಹೇಳಿದರೆ ಹುಬ್ಬೇರಿಸದೆ ಕೇಳುವ ಸಂಸ್ಕಾರ ನಮ್ಮದು. ಆದರೆ ಇದೇ ಮಾತಿಗಾಗಿ ಒಂದು ಕಾಲದಲ್ಲಿ ಇಡೀ ರೋಮನ್ ಸಾಮ್ರಾಜ್ಯ ಅರ್ಧ ಶತಮಾನಕ್ಕೂ ಮಿಕ್ಕಿ ಹೊಯ್ದಾಡಿತು, ಒಬ್ಬ ಧರ್ಮಗುರು ತಮ್ಮ ಆಯುಷ್ಯದ ಸುಮಾರು ಹದಿನೇಳು ವರ್ಷಗಳನ್ನು ಗಡೀಪಾರಿನಲ್ಲಿ ಕಳೆದರು ಎಂದರೆ ಆಶ್ಚರ್ಯವಾಗದಿರದು. ಈ ನಗರದಲ್ಲಿ ನಮ್ಮೊಡನೆ ನಾಡಹಬ್ಬವನ್ನು ಆಚರಿಸುವ ಕನ್ನಡ ಬಂಧುಗಳಲ್ಲಿ ಕ್ರೈಸ್ತರೂ ಇದ್ದಾರೆ. ಕ್ರಿಸ್‌ಮಸ್ ಕಾಲದಲ್ಲಿ ಅವರ ಮನೆಯಿಂದ ಬರುವ ಕುಸ್ವಾರಿನ ತಟ್ಟೆಯ ರುಚಿಯನ್ನು ನಾವು ಬಲ್ಲೆವು. ಆ ಹಬ್ಬದ ಹಿಂದಿರುವ ನಂಬಿಕೆ ಯಾವ ಬೆಂಕಿಯಲ್ಲಿ ಪುಟವಿಟ್ಟು ಬಂದಿತೆಂಬುದನ್ನು ಬಲ್ಲವರು ನಮ್ಮಲ್ಲಿ ಕಡಿಮೆ. ಅದಕ್ಕಾಗಿ ಅಥನೇಸಿಯಸರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಹೊರಟಿದ್ದೇವೆ.

ಮೂರನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿ ಅವರು ಬಾಲ್ಯವನ್ನು ಕಳೆದರು. ಆ ನಗರ ಅಂದಿನ ಲೋಕದ ಮಹಾ ಬಂದರುಗಳಲ್ಲೊಂದು. ನೈಲ್ ನದಿಯ ಬಯಲಿನ ಗೋಧಿ ಅಲ್ಲಿಂದ ಹಡಗೇರಿ ದೂರದ ರಾಜಧಾನಿಯ ಹೊಟ್ಟೆ ತುಂಬಿಸುತ್ತಿತ್ತು. ಪೇಟೆಯಲ್ಲಿ ಗ್ರೀಕ್ ಭಾಷೆ, ಹಳ್ಳಿಗಾಡಿನಲ್ಲಿ ಕಾಪ್ಟಿಕ್ ಭಾಷೆ. ಯಹೂದ್ಯರು, ಗ್ರೀಕರು, ಈಜಿಪ್ಟಿನವರು ಒಂದೇ ಬೀದಿಯಲ್ಲಿ ಭುಜ ತಾಗಿಸಿ ನಡೆಯುತ್ತಿದ್ದರು. ಪರಭಾಷೆಯ ಮಹಾನಗರದಲ್ಲಿ ಬಾಳುವ ನಮ್ಮಂಥವರಿಗೆ ಈ ಚಿತ್ರ ಅಪರಿಚಿತವೇನಲ್ಲ. ೩೦೩ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಆರಂಭಿಸಿದ ಹಿಂಸೆಯಲ್ಲಿ ಈಜಿಪ್ಟಿನ ಅನೇಕ ಕ್ರೈಸ್ತರು ಪ್ರಾಣ ತೆತ್ತರು. ಆಗ ಅಥನೇಸಿಯಸರು ಇನ್ನೂ ಹುಡುಗ. ನಂಬಿದ ಮಾತಿಗಾಗಿ ಜೀವ ಕೊಡಬೇಕಾಗಿ ಬರಬಹುದೆಂಬುದನ್ನು ಅವರು ಗ್ರಂಥದಿಂದ ಕಲಿಯಬೇಕಾಗಿರಲಿಲ್ಲ. ಬೆಳೆದ ಮೇಲೆ ನಗರದ ಬಿಷಪ್ ಅಲೆಕ್ಸಾಂಡರ್ ಅವರ ಶಿಷ್ಯರಾಗಿ, ಡೀಕನ್ ಪದವಿಗೇರಿ, ಗುರುವಿನ ಬಲಗೈಯಾಗಿ ನಿಂತರು.

ಅದೇ ನಗರದಲ್ಲಿ ಏರಿಯಸ್ ಎಂಬ ವಯೋವೃದ್ಧ ಪಾದ್ರಿಯಿದ್ದ. ಶಿಸ್ತಿನ ಬದುಕು, ಮಧುರವಾದ ಮಾತು, ತೀಕ್ಷ್ಣವಾದ ತರ್ಕ. ದೇವರು ಒಬ್ಬನೇ, ಅವನಿಗೆ ಆದಿಯಿಲ್ಲ. ಹಾಗಾದರೆ ದೇವಕುಮಾರನೆನಿಸಿದ ಕ್ರಿಸ್ತನಿಗೆ ಆದಿ ಇರಲೇಬೇಕು. ಆದಿ ಇದ್ದದ್ದು ಸೃಷ್ಟಿಯೇ ಸರಿ, ಎಷ್ಟೇ ಶ್ರೇಷ್ಠವಾದರೂ ಅದು ಸೃಷ್ಟಿಕರ್ತನಾಗಲಾರದು. ಇದು ಅವನ ವಾದದ ಸಾರ. ಜನಸಾಮಾನ್ಯರ ನಾಲಗೆಯಲ್ಲಿ ನಿಲ್ಲಲೆಂದು ಇದನ್ನು ಹಾಡಾಗಿಯೂ ಕಟ್ಟಿದನೆಂದು ಹಳೆಯ ಚರಿತ್ರಕಾರರು ಹೇಳುತ್ತಾರೆ. ವಾದ ನೋಡಲು ಅಚ್ಚುಕಟ್ಟು, ಒಪ್ಪಿದವರೂ ಬಹಳ. ಜಗಳ ನಗರವನ್ನು ದಾಟಿ ದೇಶದಿಂದ ದೇಶಕ್ಕೆ ಹಬ್ಬಿತು. ಚಕ್ರವರ್ತಿ ಕಾನ್‌ಸ್ಟಂಟೈನ್ ಮೊದಲು ಇದನ್ನು ಕ್ಷುಲ್ಲಕ ವಿಷಯವೆಂದೆಣಿಸಿ ಎರಡು ಪಕ್ಷಕ್ಕೂ ಬುದ್ಧಿ ಹೇಳಿ ಪತ್ರ ಬರೆದ. ಅದರಿಂದ ಫಲ ಕಾಣದೆ ೩೨೫ರಲ್ಲಿ ನೈಸಿಯ ಎಂಬಲ್ಲಿ, ಅಂದರೆ ಇಂದಿನ ತುರ್ಕಿಯ ಇಜ್ನಿಕ್‌ನಲ್ಲಿ, ಬಿಷಪ್ಪರ ಮಹಾಸಭೆಯನ್ನು ಕರೆದ. ಬಂದವರು ೩೧೮ ಮಂದಿ ಎಂಬುದು ಸಂಪ್ರದಾಯದ ಎಣಿಕೆ. ಕ್ರಿಸ್ತನು ತಂದೆಯಾದ ದೇವರೊಡನೆ ಏಕಸತ್ತ್ವನು ಎಂಬ ಅರ್ಥದ ಒಂದು ಗ್ರೀಕ್ ಪದವನ್ನು ಆ ಸಭೆ ತನ್ನ ವಿಶ್ವಾಸ ಪ್ರಮಾಣದಲ್ಲಿ ಸೇರಿಸಿತು. ಏರಿಯಸ್ ಗಡೀಪಾರಾದ. ಅಥನೇಸಿಯಸರು ಅಲ್ಲಿಗೆ ಹೋಗಿದ್ದು ಬಿಷಪ್ಪರ ಸಹಾಯಕರಾಗಿ ಮಾತ್ರ. ಮತ ಹಾಕುವ ಅಧಿಕಾರ ಅವರಿಗಿರಲಿಲ್ಲ. ಆದರೆ ಆ ಸಭೆಯ ತೀರ್ಮಾನವನ್ನು ಹೊತ್ತು ನಡೆಯುವ ಭಾರ ಮುಂದೆ ಅವರ ಹೆಗಲಿಗೇ ಬಿತ್ತು.

ಇಷ್ಟೊಂದು ಹಟವೇಕೆ ಎಂದು ನಾವು ಕೇಳಬಹುದು. ಅದಕ್ಕೆ ಉತ್ತರ ಅವರು ಮನುಷ್ಯಾವತಾರವನ್ನು ಕುರಿತು ಬರೆದ ಚಿಕ್ಕ ಗ್ರಂಥದಲ್ಲಿದೆ. ಮನುಷ್ಯನನ್ನು ದೇವರು ಶೂನ್ಯದಿಂದ ಸೃಷ್ಟಿಸಿ ತನ್ನ ಪ್ರತಿರೂಪವನ್ನು ಅವನಲ್ಲಿ ಇಟ್ಟ. ಮನುಷ್ಯ ದೇವರಿಗೆ ಬೆನ್ನು ಮಾಡಿದಾಗ ಮತ್ತೆ ಶೂನ್ಯದ ಕಡೆಗೇ ಜಾರತೊಡಗಿದ. ಹಲಗೆಯ ಮೇಲಿನ ಚಿತ್ರಕ್ಕೆ ಕೊಳೆ ಹಿಡಿದು ಮುಖ ಅಳಿಸಿಹೋದರೆ ಹಲಗೆಯನ್ನು ಬಿಸಾಡುವುದಿಲ್ಲ. ಯಾರ ಚಿತ್ರವೋ ಆತನೇ ಮತ್ತೆ ಬಂದು ಕುಳಿತರೆ ಅದೇ ಹಲಗೆಯ ಮೇಲೆ ಮತ್ತೆ ಬರೆಯಬಹುದು. ದೇವರು ಮನುಷ್ಯನಾಗಿ ಬಂದದ್ದು ಹೀಗೆ ಎಂಬುದು ಅವರ ವಿವರಣೆ. ರಾಜನು ಒಂದು ಊರಿನ ಒಂದೇ ಮನೆಯಲ್ಲಿ ಬಿಡಾರ ಮಾಡಿದರೂ ಊರಿಗೆಲ್ಲ ಗೌರವ, ಊರಿಗೆಲ್ಲ ರಕ್ಷೆ. ಹಾಗೆಯೇ ದೇವರು ಒಂದು ದೇಹದಲ್ಲಿ ನೆಲೆಸಿದರೂ ಮನುಷ್ಯಕುಲಕ್ಕೆಲ್ಲ ಅದರ ಫಲವೆಂಬುದು ಅವರು ಕೊಡುವ ಇನ್ನೊಂದು ದೃಷ್ಟಾಂತ. ಬಂದವನು ರಾಜನಲ್ಲ, ರಾಜನು ಕಳಿಸಿದ ಆಳು ಎಂದಾದರೆ ಈ ಎರಡು ಮಾತೂ ಬಿದ್ದುಹೋಗುತ್ತವೆ. ತಾನೇ ಸೃಷ್ಟಿಯಾದವನು ಸೃಷ್ಟಿಯನ್ನು ಸಾವಿನಿಂದ ಬಿಡಿಸುವುದೆಂತು? ಅಥನೇಸಿಯಸರ ಹೋರಾಟದ ತಿರುಳು ಇಷ್ಟೆ. ನಮ್ಮ ಪುರಾಣಗಳಲ್ಲಿ ಅವತಾರ ಯುಗಯುಗಕ್ಕೂ ಆಗುವಂಥದು. ಕ್ರೈಸ್ತರ ನಂಬಿಕೆಯಲ್ಲಿ ಅದು ಒಂದೇ ಸಲ. ಹುಟ್ಟು, ಹಸಿವು, ನೋವು, ಸಾವು ಎಲ್ಲವನ್ನೂ ನಿಜವಾಗಿ ಉಂಡದ್ದು. ಹೋಲಿಕೆಯನ್ನು ಕಾಣುವಾಗ ಈ ಭೇದವನ್ನೂ ಗಮನಿಸುವುದು ನ್ಯಾಯ.

೩೨೮ರಲ್ಲಿ ಅಲೆಕ್ಸಾಂಡರ್ ತೀರಿಕೊಂಡರು. ಇನ್ನೂ ತರುಣರಾಗಿದ್ದ ಅಥನೇಸಿಯಸರು ಬಿಷಪ್ಪರಾದರು. ಅಷ್ಟರಲ್ಲಿ ಗಾಳಿ ತಿರುಗಿತ್ತು. ಏರಿಯಸನನ್ನು ಹಿಂದಕ್ಕೆ ಸೇರಿಸಿಕೊಳ್ಳಬೇಕೆಂದು ಅರಮನೆಯಿಂದಲೇ ಒತ್ತಾಯ ಬಂದಿತು, ಇವರು ಒಪ್ಪಲಿಲ್ಲ. ಮೆಲಿಷಿಯನ್ನರೆಂಬ ಸ್ಥಳೀಯ ವಿರೋಧ ಪಂಗಡವೂ ಎದ್ದುನಿಂತಿತು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅಥನೇಸಿಯಸರ ಕೈ ಬಿಗಿ, ಅವರ ಬೆಂಬಲಿಗರ ಕೈ ಇನ್ನೂ ಒರಟು. ಅವರ ಕಡೆಯವರು ವಿರೋಧಿಗಳನ್ನು ಹೊಡೆದ ವಿವರವುಳ್ಳ, ೩೩೫ರಲ್ಲಿ ಬರೆದ ಪಪೈರಸ್ ಪತ್ರವೊಂದು ಈಜಿಪ್ಟಿನಲ್ಲಿ ದೊರೆತು ಇಪ್ಪತ್ತನೆಯ ಶತಮಾನದಲ್ಲಿ ಪ್ರಕಟವಾಗಿದೆ. ಮಹಾಪುರುಷರ ಖಾತೆಯಲ್ಲಿ ಜಮೆಯ ಕಡೆಯನ್ನಷ್ಟೇ ಬರೆದು ಖರ್ಚಿನ ಕಡೆಯನ್ನು ಬಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ.

ಆದರೆ ಆ ವರ್ಷವೇ ಟೈರ್ ನಗರದಲ್ಲಿ ಕೂಡಿದ ಸಭೆಯಲ್ಲಿ ಅವರ ಮೇಲೆ ಹೊರಿಸಿದ ಆರೋಪಗಳೆಲ್ಲ ನಿಜವಾಗಿರಲಿಲ್ಲ. ಆರ್ಸೇನಿಯಸ್ ಎಂಬ ಬಿಷಪ್ಪನನ್ನು ಇವರು ಕೊಲ್ಲಿಸಿ, ಮಾಟಕ್ಕೆಂದು ಅವನ ಕೈಯನ್ನು ಕತ್ತರಿಸಿಕೊಂಡರೆಂಬುದು ಒಂದು ಆರೋಪ. ಸಾಕ್ಷಿಗೆ ಒಂದು ಒಣಗಿದ ಕೈಯನ್ನೂ ತೋರಿಸಿದರು. ಸತ್ತನೆಂದ ಆರ್ಸೇನಿಯಸ್ ಅಡಗಿಕೊಂಡಿದ್ದಲ್ಲಿ ಸಿಕ್ಕಿಬಿದ್ದಿದ್ದ. ಚರಿತ್ರಕಾರರು ಹೇಳುವಂತೆ ಅಥನೇಸಿಯಸರು ಅವನನ್ನು ಮುಸುಕು ಹೊದಿಸಿ ಸಭೆಗೆ ಕರೆತಂದು, ಮುಖ ತೆರೆದು, ಮೊದಲು ಒಂದು ಕೈಯನ್ನೂ ಆಮೇಲೆ ಇನ್ನೊಂದು ಕೈಯನ್ನೂ ಎತ್ತಿ ತೋರಿಸಿ, ಮೂರನೆಯ ಕೈ ಎಲ್ಲಿತ್ತೆಂದು ವಿಚಾರಿಸಿದರಂತೆ. ಸಭೆ ನಾಚಲಿಲ್ಲ. ಅವರು ದೋಣಿಯೇರಿ ಕಾನ್‌ಸ್ಟಾಂಟಿನೋಪಲಿಗೆ ಹೋಗಿ, ಬೀದಿಯಲ್ಲಿ ಚಕ್ರವರ್ತಿಯ ಕುದುರೆಗೆ ಅಡ್ಡ ನಿಂತು ನ್ಯಾಯ ಕೇಳಿದರು. ವಿರೋಧಿಗಳು ಆಗ ಹೊಸ ದೂರನ್ನು ತಂದರು: ಈ ಮನುಷ್ಯ ಈಜಿಪ್ಟಿನ ಗೋಧಿಯ ಹಡಗುಗಳನ್ನೇ ತಡೆಯುವೆನೆಂದು ಬೆದರಿಸಿದ್ದಾನೆ. ಧರ್ಮದ ಮಾತನ್ನು ತೂಗಿ ನೋಡುವ ತಾಳ್ಮೆ ಇದ್ದ ರಾಜನಿಗೆ ಅನ್ನದ ಮಾತು ಕೇಳಿ ತಾಳ್ಮೆ ತಪ್ಪಿತು. ಅಥನೇಸಿಯಸರನ್ನು ಸಾಮ್ರಾಜ್ಯದ ಮತ್ತೊಂದು ತುದಿಗೆ, ಇಂದಿನ ಜರ್ಮನಿಯಲ್ಲಿರುವ ಟ್ರಿಯರ್ ನಗರಕ್ಕೆ ಅಟ್ಟಿದರು. ಇದು ಮೊದಲ ಗಡೀಪಾರು.

೩೩೭ರಲ್ಲಿ ಕಾನ್‌ಸ್ಟಂಟೈನ್ ತೀರಿಕೊಂಡ ಮೇಲೆ ಅವರು ಊರಿಗೆ ಮರಳಿದರು. ಎರಡು ವರ್ಷ ತುಂಬುವುದರೊಳಗೆ ಅವನ ಮಗ ಕಾನ್‌ಸ್ಟಾಂಷಿಯಸ್ ಮತ್ತೆ ಓಡಿಸಿದ. ಈ ಸಲ ರೋಮಿನಲ್ಲಿ ಆಶ್ರಯ. ಏಳು ವರ್ಷದ ಅಲೆದಾಟ. ೩೪೬ರಲ್ಲಿ ಹಿಂದಿರುಗಿದಾಗ ಜನ ಸಮುದ್ರದಂತೆ ನೆರೆದು ಬರಮಾಡಿಕೊಂಡರು. ಅಲ್ಲಿಂದ ಹತ್ತು ವರ್ಷ ನೆಮ್ಮದಿ. ೩೫೬ರ ಫೆಬ್ರವರಿಯ ಒಂದು ರಾತ್ರಿ ಪ್ರಾರ್ಥನೆ ನಡೆಯುತ್ತಿದ್ದಾಗಲೇ ಸೈನಿಕರು ದೇವಾಲಯವನ್ನು ಸುತ್ತುವರಿದರು. ಅಥನೇಸಿಯಸರು ಪೀಠದಿಂದ ಏಳಲಿಲ್ಲ. ಕೀರ್ತನೆಯನ್ನು ಮುಂದುವರಿಸಲು ಹೇಳಿ, ಜನರೆಲ್ಲ ಹೊರಗೆ ಹೋಗುವವರೆಗೂ ಕಾದರು. ಕೊನೆಗೆ ಸಂನ್ಯಾಸಿಗಳೇ ಅವರನ್ನು ಎಳೆದುಕೊಂಡು ಹೋಗಿ ಪಾರುಮಾಡಿದರು. ಮುಂದಿನ ಆರು ವರ್ಷ ಅವರಿಗೆ ಮರುಭೂಮಿಯೇ ಮನೆ. ರಾಜನ ಆಳುಗಳು ಹುಡುಕುತ್ತಿದ್ದರು. ಸಂನ್ಯಾಸಿಗಳು ಒಂದು ಗುಹೆಯಿಂದ ಇನ್ನೊಂದು ಗುಹೆಗೆ ಸಾಗಿಸುತ್ತಿದ್ದರು. ಲೇಖನಿ ಮಾತ್ರ ನಿಲ್ಲಲಿಲ್ಲ. ಗ್ರೀಕ್ ಓದುಬರಹ ಬಾರದ, ಕಾಪ್ಟಿಕ್ ಮಾತ್ರ ಬಲ್ಲ ರೈತಮಗನಾಗಿ ಹುಟ್ಟಿ ಮಹಾವಿರಕ್ತರಾದ ಅಂತೋಣಿಯವರ ಚರಿತ್ರೆಯನ್ನು ಅವರು ಬರೆದದ್ದು ಈ ದಿನಗಳಲ್ಲಿಯೇ. ಅದು ಲ್ಯಾಟಿನ್ನಿಗೆ ಹೋಗಿ, ಅಗಸ್ಟೀನನಂಥ ಪಂಡಿತನ ಮನಸ್ಸನ್ನೂ ತಿರುಗಿಸಿತು.

೩೬೨ರಲ್ಲಿ ಚಕ್ರವರ್ತಿ ಜೂಲಿಯನ್ ಗಡೀಪಾರಾದ ಬಿಷಪ್ಪರಿಗೆಲ್ಲ ಮರಳಲು ಅನುಮತಿ ಕೊಟ್ಟು, ಅದೇ ವರ್ಷ ಅಥನೇಸಿಯಸರನ್ನು ಮಾತ್ರ ಮತ್ತೆ ಹೊರಗಟ್ಟಿದ. ನೈಲ್ ನದಿಯಲ್ಲಿ ಬೆನ್ನಟ್ಟಿ ಬಂದವರಿಗೆ ಎದುರಾಗಿಯೇ ಅವರು ದೋಣಿ ತಿರುಗಿಸಿದರೆಂದೂ, ಅವರನ್ನು ಗುರುತಿಸದೆ ಅಥನೇಸಿಯಸ್ ಎಲ್ಲಿ ಎಂದು ಕೇಳಿದವರಿಗೆ ಬಹಳ ದೂರವಿಲ್ಲವೆಂಬ ಉತ್ತರ ದೊರೆತು ಅವರು ಮುಂದಕ್ಕೆ ಹುಟ್ಟುಹಾಕಿಕೊಂಡು ಹೋದರೆಂದೂ ಕಥೆಯಿದೆ. ಐದನೆಯ ಸರದಿ ವಾಲೆನ್ಸನದು. ೩೬೫ರಲ್ಲಿ ಅವನ ಆಜ್ಞೆಯಿಂದ ತಲೆಮರೆಸಿಕೊಂಡವರು ನಾಲ್ಕೇ ತಿಂಗಳಲ್ಲಿ ಹಿಂದಿರುಗಿದರು. ನಾಲ್ವರು ಚಕ್ರವರ್ತಿಗಳು, ಐದು ಗಡೀಪಾರು. ಬಿಷಪ್ ಪೀಠದ ನಲವತ್ತೈದು ವರ್ಷಗಳಲ್ಲಿ ಹದಿನೇಳು ವರ್ಷ ಹೀಗೆ ಹೊರಗೇ ಕಳೆಯಿತು.

ಇಷ್ಟನ್ನು ಓದಿದವರಿಗೆ ಇವರು ಬರಿಯ ಹಟಮಾರಿ ಎನಿಸಬಹುದು. ಏಕಸತ್ತ್ವ ಎಂಬುದಕ್ಕೆ ಬದಲಾಗಿ ಸದೃಶಸತ್ತ್ವ ಎಂದರೆ ಸಾಲದೆ ಎಂದು ಹಲವರು ಆಗ ವಾದಿಸಿದರು. ಗ್ರೀಕ್ ಭಾಷೆಯಲ್ಲಿ ಈ ಎರಡು ಪದಗಳ ನಡುವೆ ಒಂದೇ ಒಂದು ಅಕ್ಷರದ ಅಂತರ. ಒಂದಕ್ಷರಕ್ಕೆ ಲೋಕ ಹೊಡೆದಾಡಿತೆಂದು ಮುಂದಿನವರು ಹಾಸ್ಯ ಮಾಡಿದ್ದುಂಟು. ದಿನವೆಲ್ಲ ಬ್ಯಾಂಕಿನ ಅಂಕಿಗಳೊಡನೆ ಕಳೆಯುವ ನಮಗೆ ಆ ಹಾಸ್ಯ ಅಷ್ಟು ಹಿಡಿಸುವುದಿಲ್ಲ; ಒಂದು ಸೊನ್ನೆಯ ಬೆಲೆ ಎಷ್ಟೆಂಬುದನ್ನು ನಾವು ಬಲ್ಲೆವು. ಆದರೆ ಅಥನೇಸಿಯಸರ ದೊಡ್ಡತನ ಅಕ್ಷರ ಹಿಡಿದು ಕುಳಿತದ್ದರಲ್ಲಿಲ್ಲ. ೩೬೨ರಲ್ಲಿ, ಮರುಭೂಮಿಯಿಂದ ಮರಳಿದ ಹೊಸದರಲ್ಲಿ, ಅವರು ಅಲೆಕ್ಸಾಂಡ್ರಿಯದಲ್ಲಿ ಒಂದು ಚಿಕ್ಕ ಸಭೆ ಕೂಡಿಸಿದರು. ಬೇರೆ ಬೇರೆ ಪದ ಬಳಸುತ್ತಿದ್ದವರನ್ನು ಕೂಡಿಸಿ, ಪ್ರತಿಯೊಬ್ಬರೂ ತಮ್ಮ ಪದಕ್ಕೆ ಯಾವ ಅರ್ಥ ಕೊಡುತ್ತಾರೆಂದು ವಿಚಾರಿಸಿದರು. ಅರ್ಥ ಒಂದೇ ಎಂದು ಕಂಡಾಗ ಪದಕ್ಕಾಗಿ ಜಗಳ ಬೇಡವೆಂದು ಎರಡೂ ಕಡೆಯವರನ್ನು ಅಪ್ಪಿಕೊಂಡರು. ಸದೃಶಸತ್ತ್ವವೆಂದವರನ್ನೂ ವೈರಿಗಳೆಂದು ತಳ್ಳದೆ ಸೋದರರೆಂದು ಕರೆದರು. ಆರು ವರ್ಷ ಬೇಟೆಯ ಮೃಗದಂತೆ ಅಡಗಿದ್ದವರು ಹೊರಬಂದೊಡನೆ ಸೇಡಿನ ಮಾತಾಡದೆ ಸಂಧಾನದ ಮಾತಾಡಿದರು. ಅವರ ಬಾಳಿನಲ್ಲಿ ಎಲ್ಲಕ್ಕಿಂತ ಮಿಗಿಲಾದದ್ದು ಇದೇ ಎಂದು ನಮಗೆ ತೋರುತ್ತದೆ. ಎಲ್ಲಿ ಅರ್ಥ ಕೆಡುವುದೋ ಅಲ್ಲಿ ಒಂದಕ್ಷರಕ್ಕೂ ಜಗ್ಗಲಿಲ್ಲ. ಎಲ್ಲಿ ಅರ್ಥ ಉಳಿಯುವುದೋ ಅಲ್ಲಿ ಇಡೀ ಪದವನ್ನೇ ಬಿಟ್ಟುಕೊಡಲು ಸಿದ್ಧರಾದರು.

ಅವರ ಇನ್ನೊಂದು ಕೊಡುಗೆ ಕನ್ನಡನಾಡಿನವರೆಗೂ ಬಂದಿದೆ. ಪ್ರತಿವರ್ಷ ಈಸ್ಟರ್ ಹಬ್ಬದ ದಿನವನ್ನು ತಿಳಿಸಿ ಅವರು ಈಜಿಪ್ಟಿನ ಸಭೆಗಳಿಗೆ ಓಲೆ ಕಳಿಸುತ್ತಿದ್ದರು. ೩೬೭ರ ಓಲೆಯಲ್ಲಿ ಪ್ರಮಾಣವೆಂದು ಗಣಿಸಬೇಕಾದ ಪವಿತ್ರ ಗ್ರಂಥಗಳ ಪಟ್ಟಿ ಕೊಟ್ಟರು. ಇಂದಿನ ಹೊಸ ಒಡಂಬಡಿಕೆಯ ೨೭ ಪುಸ್ತಕಗಳನ್ನು, ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಹೆಸರಿಸಿದ ಮೊದಲ ಪಟ್ಟಿ ನಮಗೆ ತಿಳಿದಮಟ್ಟಿಗೆ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದ ಮಿಷನರಿಗಳು ಬಳ್ಳಾರಿಯಲ್ಲಿ ದುಡಿದು ಬೈಬಲನ್ನು ಕನ್ನಡಕ್ಕೆ ತಂದಾಗ ಹೊಸ ಒಡಂಬಡಿಕೆಯಲ್ಲಿ ಇದ್ದದ್ದು ಇದೇ ೨೭ ಪುಸ್ತಕಗಳು. ಅವರ ಹೆಸರಿನಲ್ಲಿ ಪಶ್ಚಿಮದ ಸಭೆಗಳು ಬಳಸುವ ವಿಶ್ವಾಸ ಪ್ರಮಾಣವೊಂದಿದೆ. ಅದು ಮಾತ್ರ ಅವರು ಬರೆದದ್ದಲ್ಲ, ಮುಂದಿನ ಕಾಲದ ಲ್ಯಾಟಿನ್ ರಚನೆ.

೩೭೩ರ ಮೇ ೨ರಂದು ಅಥನೇಸಿಯಸರು ತಮ್ಮ ಊರಿನಲ್ಲಿಯೇ ಶಾಂತರಾಗಿ ಕಣ್ಮುಚ್ಚಿದರು. ಗೆಲವನ್ನು ನೋಡಲು ಉಳಿಯಲಿಲ್ಲ. ಎಂಟು ವರ್ಷಗಳ ಅನಂತರ, ೩೮೧ರಲ್ಲಿ, ಕಾನ್‌ಸ್ಟಾಂಟಿನೋಪಲಿನ ಮಹಾಸಭೆ ನೈಸಿಯದ ನಂಬಿಕೆಯನ್ನು ಮತ್ತೆ ಎತ್ತಿಹಿಡಿಯಿತು. ಅವರು ತೀರಿಕೊಂಡು ೧೬೦೦ ವರ್ಷ ತುಂಬಿದ ೧೯೭೩ರಲ್ಲಿ ರೋಮಿನ ಪೋಪ್ ಆರನೆಯ ಪೌಲರು ಅವರ ಅವಶೇಷಗಳ ಭಾಗವನ್ನು ಕಾಪ್ಟಿಕ್ ಸಭೆಯ ಪೋಪ್ ಮೂರನೆಯ ಶೆನೂದಾ ಅವರಿಗೆ ಒಪ್ಪಿಸಿದರು. ಐದು ಸಲ ಊರು ಬಿಟ್ಟವರು ಹೀಗೆ ಮತ್ತೊಮ್ಮೆ ನಾಡಿಗೆ ಮರಳಿದರು. ನೈಸಿಯದ ಸಭೆಗೆ ೨೦೨೫ರಲ್ಲಿ ೧೭೦೦ ವರ್ಷ ತುಂಬಿತು.

ಅವರ ನಂಬಿಕೆ ನಮ್ಮೆಲ್ಲರದೂ ಆಗಬೇಕೆಂದೇನಿಲ್ಲ. ಆದರೆ ಆಡುವ ಮಾತಿನ ಅರ್ಥವನ್ನು ಬಲ್ಲವರಾಗಿ, ಅದಕ್ಕೆ ಬೆಲೆ ತೆತ್ತವರಾಗಿ, ಆ ಅರ್ಥವೇ ಬೇರೆ ಪದದಲ್ಲಿ ಎದುರಾದಾಗ ಅದನ್ನು ಗುರುತಿಸಿ ಕೈ ಚಾಚಿದವರು ಯಾವ ಮತದವರಾದರೂ ನಮಸ್ಕಾರಕ್ಕೆ ಅರ್ಹರು. ಹಲವು ಭಾಷೆ, ಹಲವು ನಂಬಿಕೆಗಳ ನಡುವೆ ಕನ್ನಡದ ದೀಪ ಹಚ್ಚಿಕೊಂಡು ಬಾಳುತ್ತಿರುವ ನಮಗೆ ಇಂಥವರ ಸ್ಮರಣೆ ಪರಕೀಯವಾಗಲಾರದು.