ಗೊದಮೊಟ್ಟೆಗಳನ್ನೂ ಗಮನಿಸಿದ ಮೇಷ್ಟರು

ಮಧುಗಿರಿಯ ಏಕಶಿಲಾ ಬೆಟ್ಟದ ತಪ್ಪಲಿನಲ್ಲಿ ಬೆಳೆದ ನನಗೆ ಮೊದಲ ದೊಡ್ಡ ಮಳೆಯೆಂದರೆ ಕಪ್ಪೆಗಳ ಗದ್ದಲ. ಶಿರಾ, ಪಾವಗಡ, ಕೊರಟಗೆರೆಗಳ ಕಡೆಯೂ ಅಷ್ಟೆ. ವರ್ಷದ ಬಹುಪಾಲು ಒಣಗಿರುವ ಈ ಸೀಮೆಗೆ ಒಂದೇ ರಾತ್ರಿಯಲ್ಲಿ ಇಷ್ಟು ಕಪ್ಪೆಗಳು ಬರುವುದೆಲ್ಲಿಂದ? ಮೋಡದಿಂದ ಉದುರುತ್ತವೆಂದೇ ನಂಬಿದ್ದೆ. ಹಿಂಗಾಲಿನ ಗಟ್ಟಿ ಗಂಟಿನಿಂದ ಮಣ್ಣು ತೋಡಿ, ಹಿಮ್ಮುಖವಾಗಿ ಕೆಳಗಿಳಿದು, ಬೇಸಗೆಯನ್ನು ನೆಲದೊಳಗೆ ಕಳೆಯುವ ಕಪ್ಪೆಗಳಿವೆಯೆಂದು ತಿಳಿದದ್ದು ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ. ಸಿ.ಆರ್. ನಾರಾಯಣರಾಯರ ಹೆಸರು ಕಿವಿಗೆ ಬಿದ್ದದ್ದೂ ಆಗಲೇ.

1882ರಲ್ಲಿ ಕೊಯಮತ್ತೂರಿನಲ್ಲಿ ಜನಿಸಿದ ರಾಯರು ಬಳ್ಳಾರಿಯಲ್ಲಿಯೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೆಂದೇ ಅವರನ್ನು ಹೆಚ್ಚಾಗಿ ಸ್ಮರಿಸುತ್ತಾರೆ. ನನಗೆ ಮುಖ್ಯವೆನಿಸುವುದು 1918ರಲ್ಲಿ ಅವರು ಪ್ರಕಟಿಸಿದ ಪುಟ್ಟ ಲೇಖನ. ಅದರ ವಸ್ತು ಗೊದಮೊಟ್ಟೆ! ಚಿಕ್ಕ ಬಾಯಿಯ ಕಪ್ಪೆಗಳ ಕುಟುಂಬದ ಮರಿಗಳು ಅದರಲ್ಲಿವೆ. ನಮ್ಮೂರಿನ ದುಂಡು ಮೈಯ, ಗೆದ್ದಲು ತಿನ್ನುವ ಬಿಲಗಪ್ಪೆಯೂ ಇದೇ ಕುಟುಂಬಕ್ಕೆ ಸೇರಿದ್ದು. ಇತರ ಗೊದಮೊಟ್ಟೆಗಳಂತೆ ಇವುಗಳ ಬಾಯಲ್ಲಿ ಪಾಚಿ ಕೆರೆಯುವ ಕೊಂಬಿನಂಥ ಹಲ್ಲುಗಳಿಲ್ಲ. ನೀರನ್ನೇ ಸೋಸಿ ಆಹಾರ ಪಡೆಯುತ್ತವೆ. ಗುಂಡಿ ಆರುವುದರೊಳಗೆ ಕಾಲು ಮೂಡಬೇಕು, ಬಾಲ ಕರಗಬೇಕು. ಇಲ್ಲವಾದರೆ ಅಲ್ಲಿಗೇ ಮುಗಿಯಿತು. ಕಾಡುಪಾಪದ ಅಂಡಾಶಯದ ರಚನೆಯನ್ನೂ ರಾಯರು 1927ರಲ್ಲಿ ವಿವರಿಸಿದ್ದರು.

ನಿವೃತ್ತರಾದ 1937ರಲ್ಲಿಯೇ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದರು. ಸಕಲೇಶಪುರದ ಕಡೆಯ ಕೆಂಪುಹೊಳೆಯ ಹೆಸರು ಹೊತ್ತ ಕಪ್ಪೆ ಅವುಗಳಲ್ಲೊಂದು. ಆದರೆ ಆ ವರ್ಣನೆಗಳಿಗೆ ಆಧಾರವಾಗಿ ಅವರು ಕಾಲೇಜಿನಲ್ಲಿ ಇರಿಸಿದ್ದ ಮಾದರಿಗಳು ಕಳೆದುಹೋದವು. ಒಂದು ಪ್ರಭೇದಕ್ಕೆ ಮಾದರಿಯೆಂದರೆ ಜಮೀನಿಗೆ ಮೂಲ ಪತ್ರವಿದ್ದಂತೆ. ಅದಿಲ್ಲದೆ ಮುಂದಿನವರು ರಾಯರ ಬರಹವನ್ನು ಕೈಯಲ್ಲಿ ಹಿಡಿದು, ಅವರು ಹೆಸರಿಸಿದ ಹಳ್ಳ ಘಟ್ಟಗಳಿಗೇ ಮರಳಿ, ಕಪ್ಪೆಗಳನ್ನು ಹೊಸದಾಗಿ ಗುರುತಿಸಬೇಕಾಯಿತು. ಗಾಜಿನ ಭರಣಿಗಳನ್ನು ಕಾಯಲಾಗದ ನಮ್ಮ ಉದಾಸೀನಕ್ಕೆ ಏನೆನ್ನೋಣ?

1960ರಲ್ಲಿ ರಾಯರು ತೀರಿಕೊಂಡರು. ಅರ್ಧ ಶತಮಾನದ ಬಳಿಕ, 2010ರಲ್ಲಿ, ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರ ನೆನಪಿನಲ್ಲಿ ‘ರಾವೋರ್ಕೆಸ್ಟೆಸ್’ ಎಂದು ಹೆಸರಿಡಲಾಯಿತು. ಈ ಕಪ್ಪೆಗಳಲ್ಲಿ ಈಜಾಡುವ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಮೇಷ್ಟರು ನಕ್ಕಿರುತ್ತಿದ್ದರೇನೋ.